ಶ್ರದ್ಧೆ, ಸರದಿ ಮತ್ತು ಪಂಕ್ತಿ: ಉಡುಪಿಯ ಅನ್ನದಾನ ಪರಂಪರೆ ಕಲಿಸುವ ಪಾಠ

ಧರ್ಮವು ಪರಲೋಕಸಾಧನವೆಂದೂ, ಅರ್ಥವು ಇಹಲೋಕದ ವ್ಯವಹಾರವೆಂದೂ, ಇವೆರಡರ ದಾರಿಗಳು ಬೇರೆಬೇರೆಯೆಂದೂ ಭಾವಿಸುವವರು ಅನೇಕರಿದ್ದಾರೆ. ಆದರೆ ಪುರುಷಾರ್ಥಗಳನ್ನು ಎಣಿಸಿದ ನಮ್ಮ ಪ್ರಾಚೀನರು ಧರ್ಮವನ್ನು ಮೊದಲಿಗೆ ಇರಿಸಿ, ಅರ್ಥವನ್ನು ಅದರ ಮಗ್ಗುಲಲ್ಲಿಯೇ ಕುಳ್ಳಿರಿಸಿದರು. ಮನುಷ್ಯನು ಯಾವುದನ್ನು ಪವಿತ್ರವೆಂದು ನಂಬುತ್ತಾನೋ ಅದಕ್ಕೆ ತಕ್ಕಂತೆ ದುಡಿಯುತ್ತಾನೆ, ಕೂಡಿಡುತ್ತಾನೆ, ಕೊಡುತ್ತಾನೆ. ಯಾರ ಮಗ್ಗುಲಲ್ಲಿ ಕುಳಿತು ಉಣ್ಣಬೇಕೆಂಬುದನ್ನೂ ಅದರಂತೆಯೇ ನಿಶ್ಚಯಿಸುತ್ತಾನೆ. ಆದುದರಿಂದ ನಂಬಿಕೆಯು ಸಮಾಜದ ಆರ್ಥಿಕ ಸ್ಥಿತಿಗತಿಯನ್ನು ಹೇಗೆ ಬದಲಾಯಿಸುತ್ತದೆ ಎಂಬುದು ಆಸ್ತಿಕರಾದ ನಾವೂ ವಿಚಾರಮಾಡಬೇಕಾದ ವಿಷಯ.

ಜರ್ಮನಿಯ ಪಂಡಿತ ಮ್ಯಾಕ್ಸ್ ವೆಬರ್ ಎಂಬವರು 1904-05ರಲ್ಲಿ ಈ ವಿಷಯವಾಗಿ ಪ್ರಸಿದ್ಧವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಯುರೋಪಿನ ಪ್ರಾಟೆಸ್ಟಂಟ್ ಪಂಥದವರಲ್ಲಿದ್ದ ಕಾಯಕನಿಷ್ಠೆ ಹಾಗೂ ಮಿತವ್ಯಯಗಳು, ಅವರು ಉದ್ದೇಶಿಸದೆಯೇ, ಆಧುನಿಕ ಬಂಡವಾಳ ವ್ಯವಸ್ಥೆಯ ಬೆಳವಣಿಗೆಗೆ ನೆರವಾದವೆಂಬುದು ಅವರ ವಾದ. ಮುಂದೆ ಭಾರತೀಯ ಮತಗಳನ್ನು ಕುರಿತು ಬರೆಯುವಾಗ, ಕರ್ಮಸಿದ್ಧಾಂತ ಮತ್ತು ಜಾತಿವ್ಯವಸ್ಥೆಗಳ ಕಟ್ಟಿನೊಳಗೆ ಅಂತಹ ವ್ಯವಸ್ಥೆ ತಾನಾಗಿ ಹುಟ್ಟಲಾರದೆಂದು ಅವರು ಅಭಿಪ್ರಾಯಪಟ್ಟರು. ಇದು ಎಷ್ಟರಮಟ್ಟಿಗೆ ಸರಿ? ದೂರದ ಗ್ರಂಥಗಳನ್ನು ಹುಡುಕುವುದಕ್ಕೆ ಮೊದಲು ನಮ್ಮ ಉಡುಪಿಯ ಅಡುಗೆಮನೆಯನ್ನೇ ಒಮ್ಮೆ ಹೊಕ್ಕು ನೋಡೋಣ.

ತತ್ತ್ವದ ನೆಲೆ

ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ (1238–1317) ಸಿದ್ಧಾಂತದಲ್ಲಿ ಜಗತ್ತು ಸತ್ಯ. ಜೀವನು ಅಸ್ವತಂತ್ರನು, ಆದರೂ ಭಗವದಧೀನವಾಗಿ ಅವನು ನಡೆಸುವ ಕರ್ಮವು ಸುಳ್ಳಲ್ಲ. ಈ ಮಾತನ್ನು ಪಾಠಶಾಲೆಯ ಜಗಲಿಯಿಂದ ಇಳಿಸಿ ಬೀದಿಗೆ ತಂದರೆ ಅದರ ಅರ್ಥ ಇಷ್ಟು: ಹಸಿದವನ ಹಸಿವು ಸತ್ಯ, ಅವನ ಎಲೆಗೆ ಬಡಿಸಿದ ಅನ್ನವೂ ಸತ್ಯ. ಚಾರ್ಮಾಡಿ ಘಾಟಿಯನ್ನೇರಿ ಆಚೆಗೆ ಕಳಸದ ಕಡೆ ಹೋದರೆ ಭದ್ರಾನದಿಯಲ್ಲಿ ಅಂಬುತೀರ್ಥವಿದೆ. ಅಲ್ಲಿಯ ದೊಡ್ಡ ಬಂಡೆಯನ್ನು ಆಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂದು ಶಾಸನವೂ ಐತಿಹ್ಯವೂ ಹೇಳುತ್ತವೆ. ಜನರಿಗೆ ಸಾಧ್ಯವಾಗದ ಕೆಲಸವೊಂದಕ್ಕೆ ತತ್ತ್ವಜ್ಞಾನಿಯು ಕೈಕೊಟ್ಟನೆಂಬ ಈ ನೆನಪನ್ನು ನಮ್ಮ ಪರಂಪರೆ ಆದರದಿಂದ ಉಳಿಸಿಕೊಂಡು ಬಂದಿದೆ.

ಆದರೆ ತತ್ತ್ವವೊಂದರಿಂದಲೇ ಎಲ್ಲವೂ ಆಯಿತೆಂದು ಹೇಳುವಂತಿಲ್ಲ. ಜಗತ್ತನ್ನು ಮಿಥ್ಯೆಯೆನ್ನುವ ಅದ್ವೈತಪರಂಪರೆಯ ಶೃಂಗೇರಿಯಲ್ಲಿಯೂ ನಿತ್ಯವೂ ಅನ್ನಸಂತರ್ಪಣೆ ನಡೆಯುತ್ತದೆ. ಅನ್ನದಾನವು ಶ್ರೇಷ್ಠವೆಂದು ನಂಬದ ಮತಸ್ಥನೇ ಈ ದೇಶದಲ್ಲಿಲ್ಲ. ಎಲ್ಲರಲ್ಲಿಯೂ ಇರುವ ನಂಬಿಕೆಯು ಒಂದು ಸ್ಥಳದಲ್ಲಿ ಮಾತ್ರ ಜನಜೀವನವನ್ನು ಬದಲಾಯಿಸುವಷ್ಟು ಬಲಗೊಳ್ಳಬೇಕಾದರೆ ನಂಬಿಕೆಯ ಜೊತೆಗೆ ಮತ್ತೇನೋ ಸೇರಿರಬೇಕು. ಅದನ್ನು ಶ್ರೀವಾದಿರಾಜ ಗುರುಸಾರ್ವಭೌಮರು ಕಂಡುಕೊಂಡರು.

ಪರ್ಯಾಯವೆಂಬ ಸರದಿ

ಆಚಾರ್ಯರು ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ, ಪೂಜೆಯ ಹೊಣೆಯನ್ನು ಎಂಟು ಮಂದಿ ಯತಿಗಳಿಗೆ ವಹಿಸಿದರು. ಮೊದಲು ಎರಡೆರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಈ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ಶ್ರೀವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಎಂಟು ಮಠಗಳಲ್ಲಿ ಪ್ರತಿಯೊಂದಕ್ಕೂ 16 ವರ್ಷಗಳಿಗೊಮ್ಮೆ ಪರ್ಯಾಯ ಬರುತ್ತದೆ. ಎರಡು ತಿಂಗಳ ಹೊಣೆಯೆಂದರೆ ಇದ್ದುದನ್ನು ಹಂಚುವುದು. ಎರಡು ವರ್ಷಗಳ ಹೊಣೆಯೆಂದರೆ ಇಲ್ಲದುದನ್ನು ಮುಂದಾಗಿ ಒದಗಿಸಿಕೊಳ್ಳುವುದು. ಈ ಭೇದವು ಸಣ್ಣದಲ್ಲ.

ಪರ್ಯಾಯಕ್ಕೆ ಮೊದಲು ನಡೆಯುವ ನಾಲ್ಕು ಮುಹೂರ್ತಗಳನ್ನು ಗಮನಿಸಿರಿ. ಮೊದಲನೆಯದು ಬಾಳೆಮುಹೂರ್ತ. ಎಲೆಗೂ ಹಣ್ಣಿಗೂ ಬೇಕಾದ ಬಾಳೆಯನ್ನು, ತುಳಸಿಯೊಡನೆ, ವರ್ಷದಷ್ಟು ಮೊದಲೇ ನೆಡಲಾಗುತ್ತದೆ. ಅನಂತರ ಅಕ್ಕಿಮುಹೂರ್ತ. ಬಳಿಕ ಕಟ್ಟಿಗೆಮುಹೂರ್ತ, ಮಧ್ವಸರೋವರದ ಬಳಿ ಕಟ್ಟಿಗೆಯನ್ನು ರಥದ ಆಕಾರದಲ್ಲಿ ಪೇರಿಸಿಡುವುದನ್ನು ಉಡುಪಿಗೆ ಹೋದವರೆಲ್ಲರೂ ಕಂಡಿದ್ದಾರೆ. ಕೊನೆಯದು ಭತ್ತಮುಹೂರ್ತ. ಎಲೆ, ಅಕ್ಕಿ, ಸೌದೆ, ಭತ್ತ: ಅಡುಗೆಮನೆಯ ಈ ನಾಲ್ಕು ಅಗತ್ಯಗಳೂ ಇಲ್ಲಿ ದೇವತಾಕಾರ್ಯಗಳಾಗಿವೆ. ಆಷಾಢದ ಜಡಿಮಳೆ ಸುರಿಯುವ ಈ ನಾಡಿನಲ್ಲಿ ಒಣಸೌದೆಯಿಲ್ಲದ ಅಡುಗೆಯವನ ಪಾಡು ಎಂತಹದೆಂದು ನಮ್ಮ ಮನೆಯ ಹೆಂಗಸರನ್ನು ಕೇಳಿದರೆ ಸಾಕು. ಇಂದಿನ ಅರ್ಥಶಾಸ್ತ್ರಜ್ಞರು ಯೋಜನೆಯೆಂದು ಕರೆಯುವುದನ್ನು ನಮ್ಮ ಹಿರಿಯರು ಮುಹೂರ್ತವೆಂದರು. ಮುಹೂರ್ತವಾದುದರಿಂದ ಅದನ್ನು ಮುಂದೂಡುವ ಧೈರ್ಯ ಯಾರಿಗೂ ಬರಲಿಲ್ಲ.

ಪರ್ಯಾಯದ ದಿನ ಒಬ್ಬ ಯತಿಗಳಿಂದ ಇನ್ನೊಬ್ಬರಿಗೆ ದಾಟುವ ವಸ್ತುಗಳು ಯಾವುವು? ಗರ್ಭಗುಡಿಯ ಕೀಲಿಕೈ, ಅಕ್ಷಯಪಾತ್ರೆ ಮತ್ತು ಸಟ್ಟುಗ. ಕೀಲಿಕೈಯೊಡನೆ ಸಟ್ಟುಗವನ್ನೂ ಕೊಡುವುದರ ಅಭಿಪ್ರಾಯ ಸ್ಪಷ್ಟ. ದೇವರ ಪೂಜೆಯಷ್ಟೇ ಬಂದವರ ಊಟವೂ ಪೀಠಾಧಿಪತಿಗಳ ಹೊಣೆ. ತಿರುಪತಿಯ ದೇವರು ಕಾಂಚನಬ್ರಹ್ಮನೆಂದೂ ಉಡುಪಿಯ ಕೃಷ್ಣನು ಅನ್ನಬ್ರಹ್ಮನೆಂದೂ ಜನರು ಹೇಳುವುದು ಇದರಿಂದಲೇ.

ಹೀಗೆ ನಂಬಿಕೆಯು ನಿಯಮವಾಯಿತು, ನಿಯಮಕ್ಕೆ ಸರದಿ ಬಂದಿತು, ಸರದಿಗೆ ಲೆಕ್ಕ ಸೇರಿತು. ತನ್ನ ಸರದಿಯಲ್ಲಿ ಅನ್ನ ಕಡಮೆಯಾಯಿತೆಂಬ ಮಾತು ಬರಬಾರದೆಂಬ ಎಚ್ಚರ ಪ್ರತಿಯೊಂದು ಮಠಕ್ಕೂ ಇರುತ್ತದೆ. ನಿಯಮ, ಸರದಿ, ಲೆಕ್ಕ ಇವು ಮೂರೂ ಕೂಡಿದಾಗ ಮಾತ್ರ ಶ್ರದ್ಧೆಯು ಸಂಸ್ಥೆಯಾಗಿ ನಿಲ್ಲುತ್ತದೆ.

ಅಡುಗೆಮನೆಯಿಂದ ಪೇಟೆಗೆ

ನಿತ್ಯವೂ ನೂರಾರು, ಉತ್ಸವಕಾಲದಲ್ಲಿ ಸಾವಿರಾರು ಎಲೆಗಳಿಗೆ ಬಡಿಸುವ ಅಡುಗೆಮನೆಯು ಸಹಜವಾಗಿ ಒಂದು ವಿದ್ಯಾಶಾಲೆಯಾಗುತ್ತದೆ. ಎಷ್ಟು ಅಕ್ಕಿಗೆ ಎಷ್ಟು ಬೇಳೆ, ಎಷ್ಟು ಹೊತ್ತಿಗೆ ಎಷ್ಟು ಉರಿ, ಹೆಚ್ಚುವವರೆಷ್ಟು ಮಂದಿ, ಬಡಿಸುವವರೆಷ್ಟು ಮಂದಿ ಎಂಬ ಅಂದಾಜು ಪುಸ್ತಕದಿಂದ ಬರುವಂತಹದಲ್ಲ. ಮಡಿಯ ಶುಚಿತ್ವ, ಹೊತ್ತಿಗೆ ಸರಿಯಾದ ಊಟ, ಈರುಳ್ಳಿ ಬೆಳ್ಳುಳ್ಳಿಗಳಿಲ್ಲದೆಯೂ ರುಚಿ ಕೆಡದ ಸಾರು ಮತ್ತು ಹುಳಿ: ಇವೆಲ್ಲ ಶ್ರದ್ಧೆಯ ಕಾರಣದಿಂದ ರೂಢಿಗೊಂಡ ಗುಣಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಸೀಮೆಯ ಬಡ ಬ್ರಾಹ್ಮಣ ಕುಟುಂಬಗಳ ಹುಡುಗರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮದರಾಸು, ಬೆಂಗಳೂರು, ಮುಂಬಯಿಗಳನ್ನು ಸೇರಿದಾಗ ಅವರಲ್ಲಿ ಹಣವಿರಲಿಲ್ಲ. ಈ ಗುಣಗಳು ಮಾತ್ರ ಇದ್ದವು.

ಮೂಡುಬಿದಿರೆಯ ಸಮೀಪದ ಕಡಂದಲೆಯಲ್ಲಿ ಹುಟ್ಟಿದ ಕೃಷ್ಣರಾಯರು ಬಾಲ್ಯದಲ್ಲಿ ಮಠದ ಚಾಕರಿಯಲ್ಲಿದ್ದವರು. ಮದರಾಸಿಗೆ ಹೋಗಿ ಅಡುಗೆಮನೆಯ ಸಣ್ಣ ಕೆಲಸದಿಂದ ಆರಂಭಿಸಿ, 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿ ದೇಶಪ್ರಸಿದ್ಧರಾದರು. ಕಾರ್ಕಳದ ಕಡೆಯಿಂದ ಹೋದ ಎ. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಇವರ ಹಿಂದೆ ಹೆಸರಿಲ್ಲದ ಎಷ್ಟೋ ಮಂದಿ ಇದ್ದರು. ಪಾತ್ರೆ ತೊಳೆಯಲು ಸೇರಿದ ಹುಡುಗನು ಸಪ್ಲಾಯರನಾಗಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ಸ್ವಂತ ಹೋಟೆಲಿಟ್ಟು, ಊರಿನಿಂದ ಇನ್ನೂ ನಾಲ್ವರು ಹುಡುಗರನ್ನು ಕರೆಯಿಸಿಕೊಳ್ಳುವುದು ಒಂದು ಕ್ರಮವೇ ಆಯಿತು. ಆ ಹಣ ಊರಿಗೆ ಮರಳಿ ಬಂದು ತಂಗಿಯ ಮದುವೆಗೆ, ತಮ್ಮನ ಓದಿಗೆ, ಊರ ದೇವಸ್ಥಾನದ ಮಾಡಿಗೆ ಒದಗಿತು. ‘ಉಡುಪಿ’ ಎಂಬ ಊರಿನ ಹೆಸರೇ ಶುಚಿಯಾದ ಸಸ್ಯಾಹಾರಕ್ಕೆ ಇನ್ನೊಂದು ಹೆಸರಾಯಿತು.

ಇಲ್ಲಿ ಸೂಕ್ಷ್ಮವಾದ ವಿಷಯವೊಂದಿದೆ. ಮಠದಲ್ಲಿ ಅನ್ನವನ್ನು ಮಾರುವಂತಿರಲಿಲ್ಲ. ಹೋಟೆಲಿನಲ್ಲಿ ಅದನ್ನು ಮಾರಲಾಯಿತು. ಮಠದಲ್ಲಿ ಪಂಕ್ತಿಗಳು ಬೇರೆಬೇರೆಯಾಗಿದ್ದವು. ಆರಂಭದ ಹೋಟೆಲುಗಳಲ್ಲಿಯೂ ಬ್ರಾಹ್ಮಣರಿಗೆಂದು ಪ್ರತ್ಯೇಕ ಜಾಗವಿರುತ್ತಿತ್ತು. ಕಾಲಕ್ರಮೇಣ, ವಿರೋಧ ಪ್ರತಿಭಟನೆಗಳು ನಡೆದ ಮೇಲೆ, ಕಾನೂನೂ ಬಂದ ಮೇಲೆ, ಆ ಅಡ್ಡಗೋಡೆ ಬಿದ್ದುಹೋಯಿತು. ಒಂದೇ ಮೇಜಿನಲ್ಲಿ ಯಾರ ಮಗ್ಗುಲಲ್ಲಿ ಯಾರು ಕುಳಿತಿದ್ದಾರೆಂದು ಕೇಳುವವರಿಲ್ಲದಾದರು. ಮಡಿಯನ್ನು ಕಾಪಾಡುವುದಕ್ಕಾಗಿ ಕಲಿತ ವಿದ್ಯೆಯು ಸಹಭೋಜನದ ದೊಡ್ಡ ಶಾಲೆಯನ್ನು ತೆರೆಯಿತು. ನಂಬಿಕೆಯು ತಾನು ಉದ್ದೇಶಿಸದ ಫಲವನ್ನೂ ಕೊಡುತ್ತದೆಂಬ ವೆಬರರ ಮಾತು ಇಲ್ಲಿ ಸತ್ಯವಾಗಿದೆ. ಆದರೆ ನಮ್ಮ ಮತಗಳಿಂದ ಉದ್ಯಮಶೀಲತೆ ಹುಟ್ಟಲಾರದೆಂದು ಅವರ ಮಾತಿನಿಂದ ಯಾರಾದರೂ ತೀರ್ಮಾನಿಸಿದರೆ, ಅದನ್ನು ನಮ್ಮ ಊರಿನ ಹುಡುಗರು ಒಪ್ಪಲಾರರು.

ನೆರೆಯ ಎರಡು ನಿದರ್ಶನಗಳು

ಇದು ನಮ್ಮ ಮತವೊಂದರ ಮಹಿಮೆಯೆಂದು ಬೀಗಬೇಕಾಗಿಲ್ಲ. ಇದೇ ಕರಾವಳಿಯಲ್ಲಿ ಬೇರೆ ಶ್ರದ್ಧೆಗಳೂ ಬದುಕನ್ನು ಬದಲಾಯಿಸಿವೆ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮತವನ್ನು ಸ್ವೀಕರಿಸಿದವರು ತಮ್ಮ ಜಾತಿಯ ಆಶ್ರಯವನ್ನೂ ಕುಲಕಸುಬನ್ನೂ ಕಳೆದುಕೊಂಡರು. ಅಂತಹವರಿಗೆ ಜೀವನೋಪಾಯ ಕಲ್ಪಿಸಲು ಮಿಷನ್ನಿನವರು ನೇಯ್ಗೆಯ ಶಾಲೆಯನ್ನೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ದುಡಿಮೆಯೇ ದೇವರ ಸೇವೆಯೆಂಬುದು ಅವರ ನಿಷ್ಠೆ. ಅಲ್ಲಿಂದ ಬೆಳೆದ ಮಂಗಳೂರು ಹಂಚಿನ ಉದ್ಯಮವು ಮುಳಿಹುಲ್ಲಿನ ಮಾಡುಗಳನ್ನು ತೆಗೆಯಿಸಿತು. ನಮ್ಮ ಎಷ್ಟೋ ದೇವಸ್ಥಾನಗಳ ಸುತ್ತುಪೌಳಿಗಳ ಮೇಲೆಯೂ ಅಂತಹ ಹಂಚುಗಳಿವೆ.

ಎರಡನೆಯದು ಕುದ್ರೋಳಿಯ ಶ್ರೀಗೋಕರ್ಣನಾಥ ಕ್ಷೇತ್ರ. ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದಿದ್ದ ಬಿಲ್ಲವ ಸಮಾಜದವರಿಗಾಗಿ ಶ್ರೀನಾರಾಯಣ ಗುರುಗಳು 1912ರಲ್ಲಿ ಅಲ್ಲಿ ಪ್ರತಿಷ್ಠೆಯನ್ನು ನೆರವೇರಿಸಿದರು. ಹೆಂಡದ ಕಸುಬನ್ನು ಬಿಡಿರಿ, ವಿದ್ಯೆ ಕಲಿಯಿರಿ, ಒಟ್ಟಾಗಿರಿ ಎಂಬುದು ಅವರ ಉಪದೇಶದ ಸಾರ. ಗುಡಿಯ ಸುತ್ತ ಸೇರಿದ ಸಮಾಜವು ಮುಂದೆ ಸಂಘಗಳನ್ನು ಕಟ್ಟಿತು. ಮುಂಬಯಿಯ ಬಿಲ್ಲವರು 1978ರಲ್ಲಿ ಸಹಕಾರಿ ಬ್ಯಾಂಕನ್ನೇ ಸ್ಥಾಪಿಸಿದರು. ಬಾಗಿಲು ಮುಚ್ಚಿದ್ದ ನಂಬಿಕೆಗೆ ಬಾಗಿಲು ತೆರೆದ ನಂಬಿಕೆಯು ಕೊಟ್ಟ ಉತ್ತರವಿದು. ಆ ಮುಚ್ಚಿದ ಬಾಗಿಲುಗಳಲ್ಲಿ ನಮ್ಮವೂ ಇದ್ದವೆಂಬುದನ್ನು ನಾವು ಮರೆಯಬಾರದು.

ಗೇಣಿಯ ಅಕ್ಕಿ, ಕಾಣಿಕೆಯ ಅಕ್ಕಿ

ಪರ್ಯಾಯದ ಅನ್ನಕ್ಕೆ ಅಕ್ಕಿ ಎಲ್ಲಿಂದ ಬರುತ್ತಿತ್ತು? ಬಹುಮಟ್ಟಿಗೆ ಗೇಣಿಯಿಂದ. ಮಠಮಂದಿರಗಳ ಭೂಮಿಯನ್ನು ಚಾಲಗೇಣಿಗೆ ಪಡೆದ ಒಕ್ಕಲುಗಳು ಬೆಳೆದುದರಲ್ಲಿ ದೊಡ್ಡ ಪಾಲನ್ನು ಅಕ್ಕಿಮುಡಿಗಳಾಗಿ ತಂದು ಒಪ್ಪಿಸುತ್ತಿದ್ದರು. ಅನ್ನದಾನದ ಪುಣ್ಯವು ಯಾರದೆಂದು ಕೇಳಿದರೆ ಬಡಿಸಿದವರನ್ನು ಹೆಸರಿಸುತ್ತೇವೆ. ಬೆಳೆದವನ ಮನೆಯಲ್ಲಿ ಆ ದಿನ ಏನು ಬೆಂದಿತೆಂದು ಕೇಳುವ ವಾಡಿಕೆ ನಮ್ಮಲ್ಲಿ ಇರಲಿಲ್ಲ. ಇದನ್ನು ಬದಲಾಯಿಸಿದುದು ನಮ್ಮ ಶ್ರದ್ಧೆಯಲ್ಲ, ಕಾನೂನು. ದೇವರಾಜ ಅರಸರ ಸರಕಾರವು ತಂದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟು ತಾವು ಉತ್ತ ಭೂಮಿಗೆ ಒಡೆಯರಾದರು. ಮಠಗಳೂ ದೇವಸ್ಥಾನಗಳೂ ಗೇಣಿಯನ್ನು ಕಳೆದುಕೊಂಡವು. ಅನೇಕ ದೇವಸ್ಥಾನಗಳಿಗೆ ಸರಕಾರದ ಅಲ್ಪ ತಸ್ತೀಕು ಮಾತ್ರ ಉಳಿಯಿತು. ಅರ್ಚಕ ಕುಟುಂಬಗಳು ಸಂಕಟಪಟ್ಟದ್ದೂ ನಿಜ.

ಆಗ ಧರ್ಮವು ಮುಗಿಯಿತೆಂದು ಹೇಳಿದವರಿದ್ದರು. ಆದರೆ ಅನ್ನಬ್ರಹ್ಮನ ಒಲೆ ಆರಲಿಲ್ಲ. ಇಂದು ಪರ್ಯಾಯಕಾಲದಲ್ಲಿ ಊರೂರುಗಳಿಂದ ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿಗಳ ಹೊರೆಕಾಣಿಕೆ ಮೆರವಣಿಗೆಯಲ್ಲಿ ಬರುತ್ತದೆ. ಅಂದು ಗೇಣಿಯೆಂದು ಅಳೆದುಕೊಟ್ಟವನ ಮೊಮ್ಮಗನು ಇಂದು ಕಾಣಿಕೆಯೆಂದು ಹೊತ್ತು ತರುತ್ತಾನೆ. ಅಕ್ಕಿ ಅದೇ, ದೇವರೂ ಅವನೇ. ಕೊಡುವವನ ಬೆನ್ನು ಮಾತ್ರ ನೆಟ್ಟಗಾಗಿದೆ. ಬಲವಂತವಿಲ್ಲದೆ ಬಂದ ಅನ್ನವೇ ನಿಜವಾದ ನೈವೇದ್ಯವೆಂದು ಒಪ್ಪುವುದಾದರೆ, 1974ರ ಕಾನೂನು ನಮ್ಮ ಅನ್ನದಾನವನ್ನು ಕೆಡಿಸದೆ ಶುದ್ಧಿಮಾಡಿತೆಂದೇ ಹೇಳಬೇಕು.

ಪಂಕ್ತಿಯ ಪ್ರಶ್ನೆ

ಹೀಗಿರಲು ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಹೊರೆಕಾಣಿಕೆ ಹೊತ್ತು ತಂದವನು ಯಾವ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು?

ಅರ್ಚಕರ ಮನೆಯಲ್ಲಿ ಹುಟ್ಟಿ, ಮಡಿಯುಟ್ಟು ಬಡಿಸುವುದನ್ನು ಬಾಲ್ಯದಿಂದಲೇ ಕಲಿತ ನನ್ನಂತಹವನು ಈ ಪ್ರಶ್ನೆಯನ್ನು ಹೊರಗಿನಿಂದ ಕೇಳುತ್ತಿಲ್ಲ. ಮಡಿಯಲ್ಲಿ ನನಗೆ ಗೌರವವಿದೆ. ಆದರೆ ಮಡಿಯು ಅಡುಗೆ ಮಾಡುವವನ, ಪೂಜೆ ಮಾಡುವವನ ವ್ರತ. ಅವನು ತನ್ನ ಮೇಲೆ ತಾನೇ ಹೊತ್ತುಕೊಂಡ ಶಿಸ್ತು. ಪಂಕ್ತಿಭೇದವು ಉಣ್ಣಲು ಬಂದ ಇನ್ನೊಬ್ಬನ ಹುಟ್ಟಿನ ಮೇಲೆ ಹೇಳುವ ತೀರ್ಪು. ಮೊದಲನೆಯದನ್ನು ಉಳಿಸಿಕೊಳ್ಳುವುದಕ್ಕೆ ಎರಡನೆಯದು ಅಗತ್ಯವೆಂದು ನನಗೆ ತೋರುವುದಿಲ್ಲ. ನಮ್ಮ ಪರಂಪರೆಯೇ ಇದಕ್ಕೆ ಸಾಕ್ಷಿ. ಕುರುಬರಲ್ಲಿ ಹುಟ್ಟಿದ ಕನಕದಾಸರನ್ನು ಶ್ರೀವ್ಯಾಸರಾಜರು ಶಿಷ್ಯರೆಂದು ಸ್ವೀಕರಿಸಿದರು. ಉಡುಪಿಯಲ್ಲಿ ಅವರು ಹೊರಗೆ ನಿಂತಾಗ ದೇವರೇ ಅವರ ಕಡೆಗೆ ತಿರುಗಿದನೆಂಬ ಐತಿಹ್ಯವನ್ನು ಹೆಮ್ಮೆಯಿಂದ ಹೇಳುತ್ತೇವೆ. ಕನಕನ ಕಿಂಡಿಯ ಮೂಲಕವೇ ದೇವರ ದರ್ಶನ ಪಡೆಯುತ್ತೇವೆ. ಆ ಕಥೆಯಲ್ಲಿ ತಿರುಗಿದವನು ದೇವರು. ಹೊರಗೆ ನಿಲ್ಲಿಸಿದವರು ಮನುಷ್ಯರು.

ಆಗಿನ ಮದರಾಸು ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗೆ 1947ರ ದೇವಾಲಯ ಪ್ರವೇಶ ಕಾನೂನು ಅನ್ವಯಿಸಿತು. 1969ರಲ್ಲಿ ಉಡುಪಿಯಲ್ಲಿ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನದಲ್ಲಿ ಅಸ್ಪೃಶ್ಯತೆಗೆ ಧರ್ಮದಲ್ಲಿ ಸ್ಥಾನವಿಲ್ಲವೆಂಬ ಘೋಷಣೆಯಾಯಿತು. ಅದರಲ್ಲಿ ಮುಂದಾಗಿದ್ದ ಪೇಜಾವರ ಮಠದ ಶ್ರೀವಿಶ್ವೇಶತೀರ್ಥರು (1931–2019) ದಲಿತರ ಕೇರಿಗೆ ಹೋದಾಗ ಸ್ವಜನರ ಆಕ್ಷೇಪಣೆಯನ್ನೂ ಕೇಳಬೇಕಾಯಿತು. ಕಾನೂನು ಬಾಗಿಲನ್ನು ತೆರೆಯಿಸಿತು, ಘೋಷಣೆ ಮನಸ್ಸನ್ನು ಕದಲಿಸಿತು. ಎಲೆಯ ಸಾಲು ಮಾತ್ರ ಹಲವು ಕಡೆ ಇನ್ನೂ ಎರಡಾಗಿಯೇ ಉಳಿದಿದೆ. ಘೋಷಣೆಯು ನಿಯಮವಾಗದಿದ್ದರೆ, ನಿಯಮಕ್ಕೆ ಸರದಿಯೂ ಲೆಕ್ಕವೂ ಬಾರದಿದ್ದರೆ, ಅದು ಉಳಿಯುವುದೇ ಹೀಗೆ.

ನಮ್ಮ ಹಾದಿಯಲ್ಲಿ

ಮಹಾಶಿವರಾತ್ರಿ ಸಮೀಪಿಸಿದಾಗ ಘಟ್ಟದ ಮೇಲಣಿಂದ ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳು ಚಾರ್ಮಾಡಿಯನ್ನು ಇಳಿದು ನಮ್ಮ ಕಕ್ಕಿಂಜೆಯ ಹಾದಿಯಲ್ಲಿಯೇ ನಡೆಯುತ್ತಾರೆ. ಮಾರ್ಗದ ಬದಿಯಲ್ಲಿ ನೀರು, ಮಜ್ಜಿಗೆ, ಪಾನಕ ಹಿಡಿದು ನಿಂತವರು ಅವರ ಜಾತಿಯನ್ನು ಕೇಳುವುದಿಲ್ಲ. ಕುಡಿಯುವವರೂ ಕೊಟ್ಟವರ ಕುಲವನ್ನು ವಿಚಾರಿಸುವುದಿಲ್ಲ. 2019ರ ಆಗಸ್ಟಿನಲ್ಲಿ ಮೃತ್ಯುಂಜಯಾ ನದಿ ಉಕ್ಕಿ ತೋಟಗಳಲ್ಲಿ ಮರಳನ್ನೂ ಮರದ ದಿಮ್ಮಿಗಳನ್ನೂ ತುಂಬಿದಾಗ, ಕೆಸರಿಗೆ ಇಳಿದವರಲ್ಲಿ ಎಲ್ಲ ಮತದವರೂ ಇದ್ದರು. ದೈವವು ಮುನಿದಾಗ ನಾವು ಒಂದೇ ಪಂಕ್ತಿಯವರಾಗುತ್ತೇವೆ. ದೈವವು ಪ್ರಸನ್ನವಾದ ಉತ್ಸವದ ದಿನ ಏಕೆ ಬೇರೆಯಾಗಬೇಕು?

ಧರ್ಮಸ್ಥಳದಿಂದ 1982ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿಯೇ ಆರಂಭವಾದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳನ್ನು ನಾವೆಲ್ಲ ಬಲ್ಲೆವು. ಕೆಲವು ಮಂದಿ ಸಣ್ಣ ಕೃಷಿಕರು ಕೂಡಿ ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಭೂಮಿಯಲ್ಲಿ ದುಡಿಯುವ ಕ್ರಮವದು. ಹಳೆಯ ಮುಯ್ಯಾಳು ಪದ್ಧತಿಗೆ ಲೆಕ್ಕದ ಪುಸ್ತಕ ಸೇರಿದಂತೆ. ಜೈನಮತದ ಹೆಗ್ಗಡೆಯವರು, ಶೈವಕ್ಷೇತ್ರ, ಮಾಧ್ವ ಅರ್ಚಕರು ಎಂಬ ಆ ಸ್ಥಳದ ಕೂಡುವಿಕೆಯಲ್ಲಿ, ಪರ್ಯಾಯದಲ್ಲಿ ಕಂಡ ಸರದಿಯ ಸೂತ್ರವೇ ಹೊಲದಲ್ಲಿಯೂ ಕಾಣುತ್ತದೆ.

ನಮ್ಮ ಊರುಗಳಲ್ಲಿ ಈಗ ಜೀರ್ಣೋದ್ಧಾರ, ಬ್ರಹ್ಮಕಲಶೋತ್ಸವಗಳು ವೈಭವದಿಂದ ನಡೆಯುತ್ತಿವೆ. ಸಮಿತಿ, ಉಪಸಮಿತಿಗಳಾಗುತ್ತವೆ, ಮನೆಮನೆಯಿಂದ ಹಣವೂ ಶ್ರಮವೂ ಬರುತ್ತವೆ. ಮಂಡಲಪೂಜೆ ಮುಗಿದ ಮರುದಿನ ಸಮಿತಿ ಚದುರಿಹೋಗುತ್ತದೆ. ಕಡಾಯಿಗಳು ಉಗ್ರಾಣ ಸೇರುತ್ತವೆ. ಅಷ್ಟು ದೊಡ್ಡ ಒಗ್ಗಟ್ಟನ್ನು ನಲುವತ್ತೆಂಟು ದಿನಗಳಿಗೆ ಮುಗಿಸುವುದು ಶ್ರದ್ಧೆಯ ಅಪವ್ಯಯ. ಆ ಸಮಿತಿಯೇ ಮುಂದುವರಿದು, ಮನೆಗಳಿಗೆ ಸರದಿ ಹಂಚಿ, ಲೆಕ್ಕವನ್ನು ಎಲ್ಲರ ಮುಂದಿಟ್ಟು, ಶಾಲೆಯ ಮಕ್ಕಳ ಓದಿಗೂ ಒಂಟಿಯಾದ ವೃದ್ಧರ ಊಟಕ್ಕೂ ಒದಗಿದರೆ ಪರ್ಯಾಯದ ಪಾಠವನ್ನು ನಾವು ಕಲಿತಂತೆ. ಆ ಊಟಕ್ಕೆ ಒಂದೇ ಪಂಕ್ತಿ ಹಾಕಿದರೆ, ಪರ್ಯಾಯವು ಇನ್ನೂ ಪೂರ್ತಿಯಾಗಿ ಕಲಿಯಬೇಕಾದ ಪಾಠವನ್ನು ಅದಕ್ಕೆ ಮರಳಿ ಒಪ್ಪಿಸಿದಂತೆ.

ಮನನಕ್ಕಾಗಿ

ಈ ಲೇಖನವನ್ನು ಓದಿದವರು ಮನೆಯಲ್ಲಿ, ಭಜನಾಮಂಡಳಿಯಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಬಹುದು.

1. ಪರ್ಯಾಯದ ನಾಲ್ಕು ಮುಹೂರ್ತಗಳು ಯಾವುವು? ಒಂದೊಂದೂ ಯಾವ ಅಗತ್ಯವನ್ನು ಮುಂದಾಗಿ ಪೂರೈಸುತ್ತದೆ?
2. ಗೇಣಿಯಾಗಿ ಬಂದ ಅಕ್ಕಿಗೂ ಹೊರೆಕಾಣಿಕೆಯಾಗಿ ಬಂದ ಅಕ್ಕಿಗೂ ಭೇದವೇನು?
3. ಮಡಿ ಮತ್ತು ಪಂಕ್ತಿಭೇದ ಇವೆರಡೂ ಒಂದೆಯೆ?
4. ನಮ್ಮ ದೇವಸ್ಥಾನದಲ್ಲಿ ಉತ್ಸವದ ಮರುದಿನವೂ ನಡೆಯುವ ಒಂದು ಸರದಿಯನ್ನು ನಿಶ್ಚಯಿಸುವುದಾದರೆ, ಅದು ಯಾವ ಸೇವೆಗೆ ಆಗಬೇಕು? ಮೊದಲ ಸರದಿಯನ್ನು ಯಾರು ಹೊರುತ್ತಾರೆ?

ಕೊನೆಯ ಪ್ರಶ್ನೆಗೆ ಉತ್ತರವು ಬಾಯಿಮಾತಿನಲ್ಲಿ ಬೇಡ. ಮುಂದಿನ ಉತ್ಸವಸಮಿತಿಯ ಸಭೆಯಲ್ಲಿ ಹೆಸರು ಬರೆಯಿಸುವುದರ ಮೂಲಕ ಬರಲಿ.

ಶ್ರೀಕೃಷ್ಣಾರ್ಪಣಮಸ್ತು.